ತಜ್ಞರನ್ನು ಕೇಳಿ: ಲಿಕ್ವಿಡ್ ನೈಟ್ರೋಜನ್ ಸುರಿದರೆ ನನ್ನ ಪ್ರೊಸೆಸರ್ 7 ಗಿಗಾಹರ್ಟ್ಸ್ ದಾಟುತ್ತಾ?

ಪ್ರಶ್ನೆ: ಮೇಡಂ, ವಾಟರ್ ಕೂಲರ್ ಹಾಕಿ ನನ್ನ ಪ್ರೊಸೆಸರನ್ನು 5.5 ಗಿಗಾಹರ್ಟ್ಸ್‌ವರೆಗೆ ತಂದಿದ್ದೇನೆ. ಅದರ ಮೇಲೆ 100 ಮೆಗಾಹರ್ಟ್ಸ್ ಏರಿಸಿದರೂ ಬ್ಲೂ ಸ್ಕ್ರೀನ್. 2023ರಲ್ಲಿ ಇಂಟೆಲ್‌ನ 14ನೇ ತಲೆಮಾರಿನ ಐ9 ಚಿಪ್ಪನ್ನು 9 ಗಿಗಾಹರ್ಟ್ಸ್ ದಾಟಿಸಿದರಲ್ಲ, ಆ ಥರ ಮಾಡುವ ಆಸೆ. ನೈಟ್ರೋಜನ್ ಸುರಿದರೆ ನನ್ನದು 7 ದಾಟುತ್ತಾ? ಅದೇ ವೇಗದಲ್ಲಿ ಗೇಮ್ ಆಡಬಹುದಾ?

ಉತ್ತರ: ಗೇಮ್ ಆಡೋಕೆ ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ 9 ಗಿಗಾಹರ್ಟ್ಸ್ ದಾಖಲೆಗೆ ಬಳಸಿದ್ದು ನೈಟ್ರೋಜನ್ ಅಲ್ಲ, ಲಿಕ್ವಿಡ್ ಹೀಲಿಯಂ. ಅದು ಕುದಿಯುವುದೇ ಮೈನಸ್ 269 ಡಿಗ್ರಿಯಲ್ಲಿ. ನೈಟ್ರೋಜನ್ ಮೈನಸ್ 196ರಲ್ಲಿ. ಅಂಥ ದಾಖಲೆಗಳಲ್ಲಿ ಚಿಪ್ ಆ ವೇಗದಲ್ಲಿ ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಅದನ್ನು ಓದಿ ದಾಖಲಿಸುವಷ್ಟು ಹೊತ್ತು ನಿಂತರೆ ಸಾಕು. ಸಿನಿಬೆಂಚ್‌ನಂಥ ಪೂರ್ತಿ ಲೋಡಿನ ಪರೀಕ್ಷೆ ಒಂದನ್ನು ಮುಗಿಸಬೇಕು ಅಂದರೆ ಅದೇ ಚಿಪ್ಪಿನ ವೇಗ ತುಂಬಾ ಇಳಿಸಬೇಕಾಗುತ್ತದೆ.

ತಣ್ಣಗಾದ ಮಾತ್ರಕ್ಕೆ ಚಿಪ್ ಓಡುವುದಿಲ್ಲ. ಓಡಿಸುವುದು ವೋಲ್ಟೇಜ್. ಆ ವೋಲ್ಟೇಜ್ ಕೊಟ್ಟರೂ ಸಾಯದ ಹಾಗೆ ನೋಡಿಕೊಳ್ಳುವುದು ಚಳಿ. ಒಂದು ಲೆಕ್ಕ ಹಾಕಿ ನೋಡಿ. ಚಿಪ್ ನುಂಗುವ ಪವರ್, ಅಂದರೆ ವ್ಯಾಟ್, ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ವರ್ಗದ ಲೆಕ್ಕದಲ್ಲೂ ಏರುತ್ತದೆ. 1.25 ವೋಲ್ಟನ್ನು 1.75 ಮಾಡಿ, 5 ಗಿಗಾಹರ್ಟ್ಸನ್ನು 7 ಮಾಡಿದರೆ ಹೆಚ್ಚುಕಡಿಮೆ 2.7 ಪಟ್ಟು. ಚಳಿಯಲ್ಲಿ ಲೀಕೇಜ್, ಅಂದರೆ ಸುಮ್ಮನೆ ಸೋರಿಹೋಗುವ ಕರೆಂಟು, ಕಡಿಮೆ ಆಗುವುದರಿಂದ ಸ್ವಲ್ಪ ಉಳಿತಾಯ ಇದೆ, ಆದರೂ ಶಾಖ ಶಾಖವೇ. 300 ವ್ಯಾಟ್ ಚಿಪ್ ಒಂದು ಲೀಟರ್ ನೈಟ್ರೋಜನನ್ನು ಸುಮಾರು 9 ನಿಮಿಷದಲ್ಲಿ ಆವಿ ಮಾಡುತ್ತದೆ. ನೈಟ್ರೋಜನ್ ಸುರಿಯಲು ಚಿಪ್ ಮೇಲೆ ಕೂರಿಸುವ ತಾಮ್ರದ ಪಾಟ್ ತಣ್ಣಗಾಗಲು ಖರ್ಚಾಗುವುದು ಬೇರೆ. ಹಾಗಾಗಿ ಪಕ್ಕದಲ್ಲಿ ಒಬ್ಬರು ಸುರಿಯುತ್ತಲೇ ಇರಬೇಕು.

ನೋಡುವವರಿಗೆ ಹೊಗೆಯೇ ಕಾಣುತ್ತದೆ, ಆದರೆ ಹೆಚ್ಚು ಸಮಯ ತಿನ್ನುವುದು ಬಯೋಸ್, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗ್‌ಗಳು. ಕೆಲವು ಚಿಪ್‌ಗಳು ಒಂದು ಮಟ್ಟಕ್ಕಿಂತ ತಣ್ಣಗಾದರೆ ಅಲ್ಲೇ ನಿಂತುಬಿಡುತ್ತವೆ. ಅದೇ ಕೋಲ್ಡ್ ಬಗ್. ಇನ್ನು ಕೆಲವು ಓಡುತ್ತಿರುತ್ತವೆ, ಆದರೆ ರೀಸ್ಟಾರ್ಟ್ ಮಾಡಿದರೆ ಏಳುವುದೇ ಇಲ್ಲ. ಆಗ ಪಾಟಿಗೆ ಬ್ಲೋಟಾರ್ಚ್ ಹಿಡಿದು ಬಿಸಿ ಮಾಡುತ್ತೇವೆ. ಅಷ್ಟು ಕಷ್ಟಪಟ್ಟು ತಣ್ಣಗೆ ಮಾಡಿದ್ದಕ್ಕೆ ಬೆಂಕಿ ಹಚ್ಚುವುದು ನೋಡಿದರೆ ನಗು ಬರುತ್ತದೆ, ಅಲ್ವಾ? ಅದಕ್ಕೇ ಚಿಪ್ಪಿನ ವೇಗ ನಿರ್ಧರಿಸುವ ಮಲ್ಟಿಪ್ಲೈಯರನ್ನು ಕಡಿಮೆ ಇಟ್ಟು ಬೂಟ್ ಮಾಡಿ, ವಿಂಡೋಸ್ ಒಳಗೆ ಹೋದ ಮೇಲೆ ಮದರ್‌ಬೋರ್ಡಿನ ಸಾಫ್ಟ್‌ವೇರ್‌ನಿಂದ ಒಂದೊಂದೇ ಹೆಜ್ಜೆ ಏರಿಸುತ್ತೇವೆ. ಬರೀ ದಾಖಲೆಯ ಅಂಕಿ ಬೇಕಾದರೆ ಹೈಪರ್‌ಥ್ರೆಡಿಂಗ್ (ಒಂದು ಕೋರ್‌ನಲ್ಲಿ ಎರಡು ಕೆಲಸ ಒಟ್ಟಿಗೆ ಓಡಿಸುವುದು) ಆಫ್, ಚಿಪ್ಪಿನೊಳಗಿನ ದುರ್ಬಲ ಕೋರ್‌ಗಳೂ ಆಫ್. ನಿಮ್ಮ ಚಿಪ್ 7 ದಾಟುತ್ತದಾ ಅನ್ನುವುದು ಕೊನೆಗೆ ಆ ಸಿಲಿಕಾನ್ ತುಂಡು ಎಷ್ಟು ಚೆನ್ನಾಗಿದೆ ಅನ್ನುವುದರ ಮೇಲೆ ನಿಂತಿದೆ. ಒಂದೇ ಮಾಡೆಲ್‌ನ ಎರಡು ಚಿಪ್ ಒಂದೇ ಥರ ಇರುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಇಷ್ಟು ಚಳಿಗೆ ಬೋರ್ಡ್ ಹಾಳಾಗಲ್ವಾ?

ಉತ್ತರ: ನನ್ನ ಮೊದಲ ಬೋರ್ಡ್ ಸತ್ತದ್ದು ಚಳಿಗಲ್ಲ, ನೀರಿಗೆ. ಗಾಳಿಯಲ್ಲಿರುವ ತೇವ ಪಾಟಿನ ಸುತ್ತ ಹಿಮವಾಗಿ ಕೂರುತ್ತದೆ. ಹಿಮವಾಗಿರುವವರೆಗೆ ಅಷ್ಟು ಭಯ ಇಲ್ಲ. ಕೆಲಸ ಮುಗಿದ ಮೇಲೆ ಅದು ಕರಗುತ್ತದಲ್ಲ, ಆಗ ಅಪಾಯ. ಆವತ್ತು ಎಲ್ಲ ಚೆನ್ನಾಗಿಯೇ ನಡೆದಿತ್ತು. ಸಂಜೆ ಇನ್ನೊಂದು ಸಲ ನೋಡೋಣ ಅಂತ ಆತುರಕ್ಕೆ ಆನ್ ಮಾಡಿದೆ. ಚಿಪ್ ಕೂರುವ ಸಾಕೆಟ್ ಒಳಗೆ ಒಂದು ಹನಿ ನೀರು ಉಳಿದಿತ್ತು. ಅಷ್ಟೇ. ಈಗ ಸಾಕೆಟ್ ಸುತ್ತ, ಬೋರ್ಡಿನ ಹಿಂಬದಿಗೂ ವ್ಯಾಸಲೀನ್ ಬಳಿದು, ಮೇಲೆ ಫೋಮ್ ಕೂರಿಸಿ, ಪಾಟಿನ ಸುತ್ತ ಟಿಶ್ಯೂ ಸುತ್ತುತ್ತೇನೆ. ಮುಗಿದ ಮೇಲೆ ಫ್ಯಾನ್ ಹಾಕಿ ರಾತ್ರಿಯಿಡೀ ಒಣಗಿಸದೆ ಮುಟ್ಟುವುದಿಲ್ಲ.

ಮತ್ತೊಬ್ಬರು: ಫ್ರಿಜ್ಜಿನೊಳಗೆ ಇಟ್ಟರೆ ಸುಲಭ ಅಲ್ವಾ?

ಉತ್ತರ: ಫ್ರಿಜ್ ಇರುವುದು ಒಳಗಿಟ್ಟ ವಸ್ತುವನ್ನು ನಿಧಾನವಾಗಿ ತಣ್ಣಗೆ ಮಾಡೋಕೆ. ಒಳಗೆ ನಿಲ್ಲದೆ ಉರಿಯುವ 200 ವ್ಯಾಟ್ ಒಲೆ ಇಟ್ಟರೆ ಅದು ಸೋಲುತ್ತದೆ. ಬೇಡ.

ಅದೇ ವ್ಯಕ್ತಿ: ರೂಮಿನಲ್ಲೇ ನೈಟ್ರೋಜನ್ ಬಳಸಬಹುದಾ?

ಉತ್ತರ: ಬಾಗಿಲು ಮುಚ್ಚಿದ ರೂಮಿನಲ್ಲಿ ಖಂಡಿತ ಬೇಡ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಆಕ್ಸಿಜನನ್ನು ಪಕ್ಕಕ್ಕೆ ತಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ, ಸುಮ್ನೆ ಪ್ರಜ್ಞೆ ತಪ್ಪುತ್ತದೆ. ತುಂಬಿಟ್ಟ ಫ್ಲಾಸ್ಕಿಗೆ ಬಿಗಿಯಾಗಿ ಮುಚ್ಚಳ ಹಾಕಬೇಡಿ, ಒತ್ತಡಕ್ಕೆ ಒಡೆದುಹೋಗುತ್ತದೆ. ಬಟ್ಟೆಯ ಕೈಗವಸು ಬರಿಗೈಗಿಂತ ಕೆಟ್ಟದ್ದು. ದ್ರವವನ್ನು ಹೀರಿ ಚರ್ಮಕ್ಕೆ ಅಂಟಿಸಿಕೊಂಡು ಕೂರುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಹಾಗಾದರೆ ನನ್ನ 5.5ಕ್ಕೆ ಏನು ಮಾಡಲಿ ಮೇಡಂ?

ಉತ್ತರ: ವಾಟರ್ ಕೂಲರ್ ಇದ್ದೂ ಅಲ್ಲೇ ನಿಂತಿದೆ ಅಂದರೆ ಇನ್ನೂ ವೋಲ್ಟೇಜ್ ಏರಿಸುವುದರಲ್ಲಿ ಅರ್ಥವಿಲ್ಲ. ಎಲ್ಲ ಕೋರ್‌ಗೂ ಒಂದೇ ವೇಗ ಇಡಬೇಡಿ. ಗಟ್ಟಿ ಕೋರ್ ಎರಡನ್ನು ಏರಿಸಿ, ಉಳಿದವನ್ನು ಒಂದು ಹೆಜ್ಜೆ ಇಳಿಸಿ. ಮೆಮೊರಿ ಟೈಮಿಂಗ್ ಬಿಗಿ ಮಾಡಿ, ಅಂದರೆ ಮೆಮೊರಿ ಉತ್ತರ ಕೊಡಲು ಕಾಯುವ ಹೊತ್ತು ಕಡಿಮೆ ಮಾಡಿ ನೋಡಿ, ಕೆಲವು ಗೇಮ್‌ಗಳಲ್ಲಿ ಆ 100 ಮೆಗಾಹರ್ಟ್ಸ್‌ಗಿಂತ ಜಾಸ್ತಿ ಸಿಗುತ್ತದೆ. ಪೂರ್ತಿ ಲೋಡ್‌ನಲ್ಲಿ ನಿಮ್ಮ ವೋಲ್ಟೇಜ್ ಎಷ್ಟು, ಟೆಂಪರೇಚರ್ ಎಷ್ಟು ಅಂತ ಒಂದು ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.