ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಕಂಪನಿ ಷೇರಿಗೂ ಜಿಪ್ ಡ್ರೈವ್ ಗತಿ ಬರುತ್ತಾ?

ಹಾಸನ_ಹೂಡಿಕೆ:
ನಮಸ್ಕಾರ. ಸ್ಯಾನ್‌ಡಿಸ್ಕ್ 2025ರ ಫೆಬ್ರುವರಿಯಲ್ಲಿ ವೆಸ್ಟರ್ನ್ ಡಿಜಿಟಲ್‌ನಿಂದ ಬೇರೆಯಾಗಿ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಬಂತು. ಇಲ್ಲಿ ಬಿ.ಎಂ. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ, ಮದುವೆ ಫೋಟೊಗ್ರಾಫರ್‌ಗಳ ಬ್ಯಾಗಿನಲ್ಲಿ ಹೆಚ್ಚಾಗಿ ಕಾಣೋದು ಅದರದ್ದೇ ಕಾರ್ಡು. ಷೇರು ಕೊಳ್ಳೋಕೆ ಇಷ್ಟು ಸಾಕಾ? 90ರ ದಶಕದಲ್ಲಿ ಐಒಮೆಗಾ ಕಂಪನಿಯ ಜಿಪ್ ಡ್ರೈವ್ (ಡಿಸ್ಕ್ ಹಾಕಿ ತೆಗೆದು ಫೈಲ್ ಸಾಗಿಸೋ ಸಾಧನ) ಕೂಡ ಹೀಗೇ ಎಲ್ಲೆಡೆ ಇತ್ತು, ಆಮೇಲೆ ಮಾಯವಾಯಿತು. ಪೈಪೋಟಿ ಅಳೆಯೋಕೆ ಯಾವ ಅಂಕಿ ನೋಡಬೇಕು? ತೆರಿಗೆ ವಿಚಾರ ಗೊತ್ತಿದ್ದವರು ಅದನ್ನೂ ಹೇಳಿ.

ಹಳೇಡ್ರೈವ್ (ಸಕಲೇಶಪುರ):
ಸರ್, ಜಿಪ್ ವಿಷಯದಲ್ಲಿ ಹೂಡಿಕೆದಾರರು ಕಣ್ಣಿಟ್ಟಿದ್ದ ಎದುರಾಳಿಯೇ ಬೇರೆ, ಹೊಡೆದ ಎದುರಾಳಿಯೇ ಬೇರೆ. 1995ರಲ್ಲಿ ಜಿಪ್ ಡ್ರೈವ್ ಸುಮಾರು 200 ಡಾಲರ್, 100 ಎಂಬಿ ಡಿಸ್ಕ್ ಸುಮಾರು 20 ಡಾಲರ್. ಅದೇ ವರ್ಷ ಪೈಪೋಟಿ ಕಂಪನಿ ಸೈಕ್ವೆಸ್ಟ್ 135 ಎಂಬಿಯ, ಇನ್ನೂ ವೇಗದ ಡ್ರೈವ್ ತಂದರೂ ಸೋತಿತು. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ವಿನ್ಯಾಸ) ಮಾಡುವವರ ಹತ್ತಿರ ಜಿಪ್ ಇದ್ದರೆ ಪ್ರೆಸ್ಸಿನವರೂ ಜಿಪ್ಪನ್ನೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಫೈಲ್ ತೆರೆಯೋದೇ ಇಲ್ಲ. ಲಾಭ ಇದ್ದದ್ದು ಡ್ರೈವಿನಲ್ಲಲ್ಲ, ಡಿಸ್ಕಿನಲ್ಲಿ. ಸೈಕ್ವೆಸ್ಟ್ 1998ರಲ್ಲಿ 1 ಜಿಬಿ ಡ್ರೈವನ್ನು 199 ಡಾಲರ್‌ಗೇ ಕೊಟ್ಟು ಕಾರ್ಟ್ರಿಜ್ (ಅದರೊಳಗೆ ಹಾಕೋ ಡಿಸ್ಕ್) ದುಡ್ಡಿಗೆ ಕಾಯುತ್ತಾ ಕೂತಿತ್ತು. ಅದೇ ನವೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು.

ಆದರೆ ಗೆದ್ದ ಐಒಮೆಗಾಗೂ ಆ ಗೆಲುವು ದಕ್ಕಲಿಲ್ಲ. ಜಿಪ್ಪಿನಲ್ಲಿ ಒಂದು ಎಂಬಿಗೆ ಸುಮಾರು 20 ಸೆಂಟ್. ಆ ದಶಕದ ಕೊನೆಗೆ 650 ಎಂಬಿಯ ಖಾಲಿ ಸಿಡಿ ಒಂದೆರಡು ಡಾಲರಿಗೆ ಸಿಗುತ್ತಿತ್ತು, ಅಂದರೆ ಎಂಬಿಗೆ ಕಾಲು ಸೆಂಟಿನ ಆಸುಪಾಸು. ಬೆಲೆಗಿಂತ ದೊಡ್ಡ ಪೆಟ್ಟು ಇನ್ನೊಂದು: ಸಿಡಿ ಓದೋಕೆ ಎದುರಿನವರ ಹತ್ತಿರ ವಿಶೇಷ ಡ್ರೈವ್ ಬೇಕಿರಲಿಲ್ಲ. 2000ದಲ್ಲಿ ಬಂದ ಪೆನ್‌ಡ್ರೈವ್ ಬರೀ 8 ಎಂಬಿ, ಆದರೆ ಅದಕ್ಕೆ ಡ್ರೈವೇ ಬೇಡ. 2008ರಲ್ಲಿ ಐಒಮೆಗಾವನ್ನು ಇಎಂಸಿ ಕೊಂಡುಕೊಂಡಿತು.

ಕಾಫಿಲೆಕ್ಕ (ಚಿಕ್ಕಮಗಳೂರು):
ಹಳೇಡ್ರೈವ್ ಅವರು ಹೇಳಿದ್ದು ನಿಜ, ಆದರೆ ಇವತ್ತಿನ ಷೇರಿಗೆ ಆ ಅಳತೆ ಹೊಂದಲ್ಲ. ಯಾವ ಕಂಪನಿಯ ಕಾರ್ಡ್ ಬೇಕಾದರೂ ಅದೇ ಕ್ಯಾಮೆರಾಗೆ ಕೂರುತ್ತೆ. ಕಟ್ಟಿಹಾಕುವ ಬೀಗವೇ ಇಲ್ಲ. ಒಳಗಿರುವ ನ್ಯಾಂಡ್ ಚಿಪ್ (ಡೇಟಾ ಉಳಿಸಿಡೋ ಚಿಪ್) ನಮ್ಮ ರೊಬಸ್ಟಾ ಕಾಫಿ ಇದ್ದ ಹಾಗೆ. ರೇಟು ಏರಿದ ವರ್ಷ ಎಲ್ಲರೂ ಗಿಡ ಹಾಕ್ತಾರೆ, ಮೂರ್ನಾಲ್ಕು ವರ್ಷಕ್ಕೆ ಎಲ್ಲರ ಫಸಲೂ ಒಟ್ಟಿಗೇ ಬಂದು ರೇಟು ಕುಸಿಯುತ್ತೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಕಿಯಾಕ್ಸಿಯಾ, ಮೈಕ್ರಾನ್, ಸ್ಯಾನ್‌ಡಿಸ್ಕ್, ಚೀನಾದ ವೈಎಂಟಿಸಿ, ಇವರೆಲ್ಲರ ಫ್ಯಾಕ್ಟರಿಗಳೂ ಹಾಗೇ. 2023ರಲ್ಲಿ ಚಿಪ್ ಬೆಲೆ ಬಿದ್ದಾಗ ದೊಡ್ಡವರೂ ನಷ್ಟ ಕಂಡರು.

ಹಾಗಾಗಿ ತ್ರೈಮಾಸಿಕ ವರದಿಯಲ್ಲಿ ಮೊದಲು ದಾಸ್ತಾನು ದಿನ (ಇರೋ ಸ್ಟಾಕ್ ಎಷ್ಟು ದಿನದ ಮಾರಾಟಕ್ಕೆ ಸಾಕು ಅನ್ನೋದು) ಲೆಕ್ಕ ಹಾಕಿ. ದಾಸ್ತಾನನ್ನು ಆ ಮೂರು ತಿಂಗಳಲ್ಲಿ ಮಾರಿದ ಸರಕಿನ ವೆಚ್ಚದಿಂದ ಭಾಗಿಸಿ 90ರಿಂದ ಗುಣಿಸಿ. ದಾಸ್ತಾನು 200, ವೆಚ್ಚ 150 ಅಂತಿಟ್ಟುಕೊಂಡರೆ 120 ದಿನ. ಎರಡು ಮೂರು ತ್ರೈಮಾಸಿಕ ಇದು ಏರುತ್ತಾ, ಗ್ರಾಸ್ ಮಾರ್ಜಿನ್ (ಮಾರಾಟದಲ್ಲಿ ಸರಕಿನ ವೆಚ್ಚ ಕಳೆದು ಉಳಿಯೋ ಪಾಲು) ಇಳಿಯುತ್ತಾ ಇದ್ದರೆ ಗೋದಾಮಿನಲ್ಲಿ ಚಿಪ್ಪು ರಾಶಿ ಬೀಳುತ್ತಿದೆ ಅಂತ ಅರ್ಥ. ಜನ ಎಡವೋದು ಪಿ/ಇ (ಷೇರು ಬೆಲೆ ಪ್ರತಿ ಷೇರಿನ ಲಾಭದ ಎಷ್ಟು ಪಟ್ಟು ಅನ್ನೋದು) ನೋಡಿ. ಚಿಪ್ ಬೆಲೆ ತುದಿಯಲ್ಲಿದ್ದಾಗ ಲಾಭ ಉಬ್ಬಿ ಪಿ/ಇ ಕಡಿಮೆ ಕಾಣುತ್ತೆ, ಅಗ್ಗ ಅನ್ನಿಸೋದು ಆಗಲೇ. ದಯವಿಟ್ಟು ಅದೊಂದನ್ನೇ ನಂಬಿ ದುಡ್ಡು ಹಾಕಬೇಡಿ.

ಇನ್ನೊಂದು, ಚಿಪ್ ಮಾಡುವವರು ಬೇರೆ, ಚಿಪ್ ಕೊಂಡು ತಮ್ಮ ಹೆಸರಿನಲ್ಲಿ ಕಾರ್ಡ್ ಮಾರುವವರು ಬೇರೆ. ಚಿಪ್ ಬೆಲೆ ಏರಿದರೆ ಮೊದಲನೆಯವರಿಗೆ ಹಬ್ಬ. ಎರಡನೆಯವರ ಹಳೇ ಸ್ಟಾಕ್ ಮುಗಿದ ಮೇಲೆ ಲಾಭ ಸೊರಗುತ್ತೆ.

ಹಾಸನ_ಹೂಡಿಕೆ:
ಹಾಗಾದರೆ ಅಂಗಡಿಯಲ್ಲಿ ಕಾರ್ಡ್ ಎಷ್ಟು ಓಡುತ್ತೆ ಅನ್ನೋದಕ್ಕೆ ಬೆಲೆಯೇ ಇಲ್ವಾ?

ಕಾಫಿಲೆಕ್ಕ (ಚಿಕ್ಕಮಗಳೂರು):
ಇದೆ, ಆದರೆ ಅದು ಒಂದು ತುಂಡು ಮಾತ್ರ. ಸ್ಯಾನ್‌ಡಿಸ್ಕ್ ವರದಿಯಲ್ಲಿ ಡೇಟಾ ಸೆಂಟರ್, ಪಿಸಿ-ಮೊಬೈಲ್, ಗ್ರಾಹಕ ಅಂತ ಆದಾಯ ಬೇರೆ ಬೇರೆ ಕೊಡ್ತಾರೆ. ಕಾರ್ಡು, ಪೆನ್‌ಡ್ರೈವ್ ಬರೋದು ಕೊನೆಯದರಲ್ಲಿ. ಮೂರನ್ನೂ ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸಿ.

ರಿಟರ್ನ್‌ಫೈಲ್ (ಹಾಸನ):
ತೆರಿಗೆ: ಹಣ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸೋ ಆರ್‌ಬಿಐ ಯೋಜನೆ) ಮೂಲಕ ಹೋಗುತ್ತೆ. ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ 20% ಟಿಸಿಎಸ್ (ಬ್ಯಾಂಕು ಮೊದಲೇ ವಸೂಲು ಮಾಡೋ ತೆರಿಗೆ) ಹಿಡೀತಾರೆ; ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿವರೆಗೆ ಹಣ ಸಿಕ್ಕಿಕೊಂಡಿರುತ್ತೆ. 24 ತಿಂಗಳು ಮೀರಿ ಇಟ್ಟು ಮಾರಿದರೆ ಲಾಭದ ಮೇಲೆ 12.5%, ಅದಕ್ಕೂ ಮೊದಲು ಮಾರಿದರೆ ನಿಮ್ಮ ಸ್ಲ್ಯಾಬ್ ದರ. ಡಿವಿಡೆಂಡ್ ಬಂದರೆ ಅಮೆರಿಕದಲ್ಲೇ 25% ಮುರಿದುಕೊಳ್ತಾರೆ, ಅದನ್ನು ಇಲ್ಲಿನ ತೆರಿಗೆಯಲ್ಲಿ ವಜಾ ಪಡೆಯೋಕೆ ಬೇರೆ ಫಾರ್ಮ್ ತುಂಬಬೇಕು. ಬಹಳ ಜನ ತಪ್ಪೋದು ರಿಟರ್ನ್‌ನ ಶೆಡ್ಯೂಲ್ ಎಫ್‌ಎನಲ್ಲಿ (ವಿದೇಶಿ ಆಸ್ತಿ ತೋರಿಸೋ ಪಟ್ಟಿ): ಅದಕ್ಕೆ ಏಪ್ರಿಲ್-ಮಾರ್ಚ್ ಅಲ್ಲ, ಜನವರಿ-ಡಿಸೆಂಬರ್ ಲೆಕ್ಕ. ಒಂದೇ ಷೇರು ಇದ್ದರೂ, ಮಾರದೇ ಇದ್ದರೂ ತೋರಿಸಲೇಬೇಕು.