ಎಡಿಎಚ್‌ಡಿ ಮಾತ್ರೆ ಬೆಳಿಗ್ಗೆ, ಪ್ರಾಕ್ಟೀಸು ಸಂಜೆ: ನಿಮ್ಮನೇಲಿ ಹೇಗೆ ನಿಭಾಯಿಸ್ತಿದೀರಾ?

ಎಲ್ರಿಗೂ ನಮಸ್ಕಾರ. ಮಗನಿಗೆ ಹತ್ತು ವರ್ಷ, ಎಡಿಎಚ್‌ಡಿ ಇದೆ, ಅಂದ್ರೆ ಗಮನ ನಿಲ್ಲಲ್ಲ, ಚಡಪಡಿಕೆ ಜಾಸ್ತಿ. ಅದಕ್ಕೆ ಮಿಥೈಲ್‌ಫೆನಿಡೇಟ್ ಮಾತ್ರೆ ಶುರು ಮಾಡಿ ಎರಡು ತಿಂಗಳಾಯ್ತು, ಬೆಳಿಗ್ಗೆ ಏಳೂವರೆಗೆ ಒಂದು, ಲಾಂಗ್ ಆಕ್ಟಿಂಗ್ ಅಂದ್ರು. ಸ್ಕೂಲಲ್ಲಿ ಚೆನ್ನಾಗಿ ನಡೀತಿದೆ, ನೋಟ್ಸ್ ಪೂರ್ತಿ ಬರೀತಾನೆ, ಪೆನ್ಸಿಲ್ ಬಾಕ್ಸು ದಿನಾ ಮನೆಗೆ ವಾಪಸ್ ಬರ್ತಿದೆ, ನಮಗೆ ಅದೇ ದೊಡ್ಡದು. ತಾಪತ್ರಯ ಇರೋದು ಸಂಜೆ ಐದೂವರೆ ಫುಟ್‌ಬಾಲ್‌ದು. ಸಣ್ಣದಕ್ಕೂ ಅಳು, ಪಾಸ್ ಕೊಡ್ಲಿಲ್ಲ ಅಂತ ಮೊನ್ನೆ ಫ್ರೆಂಡನ್ನ ತಳ್ಳಿಬಿಟ್ಟ. ಮಧ್ಯಾಹ್ನದ ಡಬ್ಬಿ ಹಂಗಂಗೇ ವಾಪಸ್ ಬರತ್ತೆ. ಇದ್ರ ಮಧ್ಯೆ ನಮ್ಮ ಭಾವ "ಅದು ಡೋಪಿಂಗ್ ಅಲ್ವೇನಮ್ಮಾ" ಅಂತ ಒಂದು ಹುಳ ಬಿಟ್ಟು ಹೋದ್ರು. ಮ್ಯಾಚ್ ದಿನ ಮಾತ್ರೆ ಕೊಡ್ಬೇಕಾ ಬಿಡ್ಬೇಕಾ? ಓಡುವಾಗ ಹಾರ್ಟಿಗೆ ಏನಾದ್ರೂ ಆಗತ್ತಾ? ಕೋಚಿಗೆ ಹೇಳೋದಾ? ಡಾಕ್ಟರ್ ಸಿಗೋಕೆ ಇನ್ನೂ ಮೂರು ವಾರ ಇದೆ, ಅನುಭವ ಇರೋರು ದಯವಿಟ್ಟು ಹೇಳಿ.

ಈಜು ಕಲಿಯೋಳ ಅಮ್ಮ

ಎರಡು ವರ್ಷದ ಹಿಂದೆ ನಮ್ಮನೇಲೂ ಇದೇ ಗೋಳು. ಮಗಳಿಗೆ ಈಗ ಹದಿಮೂರು.

ಮೊದ್ಲು ಗಡಿಯಾರ ನೋಡಿ. ಲಾಂಗ್ ಆಕ್ಟಿಂಗ್ ಅಂದ್ರೆ ಯಾವ ಮಾತ್ರೆ ಅನ್ನೋದ್ರ ಮೇಲೆ 8ರಿಂದ 12 ಗಂಟೆ. ಹತ್ತು ಗಂಟೇದು ಅಂತಲೇ ಇಟ್ಕೊಳ್ಳಿ, ಏಳೂವರೆಗೆ ನುಂಗಿದ್ದು ಐದೂವರೆಗೆ ಮುಗೀತು. ಅವನು ಗ್ರೌಂಡಿಗೆ ಇಳಿಯೋದೂ ಮಾತ್ರೆ ಇಳಿಯೋದೂ ಒಂದೇ ಹೊತ್ತು! ಆ ಇಳಿಯೋ ಸಮಯದಲ್ಲಿ ಕೆಲವು ಮಕ್ಕಳಿಗೆ ಮಾತ್ರೆ ಇಲ್ದೇ ಇದ್ದಾಗಿಗಿಂತ ಜಾಸ್ತಿ ಕಿರಿಕಿರಿ ಆಗತ್ತೆ, ರಿಬೌಂಡ್ ಅಂತಾರೆ. ಮೇಲೆ ಮಧ್ಯಾಹ್ನ ಊಟ ಬೇರೆ ಮಾಡಿಲ್ಲ. ಖಾಲಿ ಹೊಟ್ಟೇಲಿ ಓಡಿಸಿದ್ರೆ ದೊಡ್ಡೋರೇ ಸಿಡಿಮಿಡಿ ಅಂತಾರೆ, ಪಾಪ ಅದು ಅಳ್ದೇ ಇನ್ನೇನ್ ಮಾಡತ್ತೆ.

ನಾನು ಮೂರು ವಾರ ಒಂದು ಹಳೇ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಮಾತ್ರೆ ಎಷ್ಟೊತ್ತಿಗೆ, ಏನು ತಿಂದ್ಲು, ಮೂಡ್ ಯಾವಾಗ ಕೆಟ್ಟಿತು, ನಿದ್ದೆ ಎಷ್ಟೊತ್ತಿಗೆ, ಅಷ್ಟೇ. ಒಂದು ದಿನದ್ದು ಈಗ್ಲೂ ಬಾಯಿಪಾಠ: "4.50 ಗಾಗಲ್ಸ್ ಪಟ್ಟಿ ಬಿಗಿ ಅಂತ ಎಸೆದ್ಲು. 5.05 ಟವೆಲ್ ಹೊದ್ಕೊಂಡು ಅಳು. 5.40 ತಿಂಡಿ ಆಯ್ತು, ನಗ್ತಿದಾಳೆ." ಡಾಕ್ಟ್ರು ಅದನ್ನ ಓದಿ, ಮಾತ್ರೆ ಬದಲಾಯಿಸೋದು ಆಮೇಲಾಗ್ಲಿ, ಮೊದ್ಲು ನಾಲ್ಕು ಗಂಟೆಗೆ ಹೊಟ್ಟೆಗೆ ಹಾಕಿ ಅಂದ್ರು. ಅರ್ಧ ಜಗಳ ಅಲ್ಲೇ ಮುಗೀತು ನಮ್ದು. ಉಳಿದರ್ಧಕ್ಕೆ ಮಧ್ಯಾಹ್ನ ಮೂರೂವರೆಗೆ ಸಣ್ಣ ಡೋಸು ಶಾರ್ಟ್ ಆಕ್ಟಿಂಗ್ ಬರೆದುಕೊಟ್ರು, ಅದು ಮೂರು ನಾಲ್ಕು ಗಂಟೆ ಬರತ್ತೆ. ನಾನೊಂದಿನ ಮರೆತು ಐದು ಗಂಟೆಗೆ ಕೊಟ್ಟೆ ನೋಡಿ, ರಾತ್ರಿ ಹನ್ನೊಂದೂವರೆವರೆಗೂ ಫ್ಯಾನ್ ನೋಡ್ತಾ ಮಲಗಿದ್ಲು. ಅದಕ್ಕೇ ಇದನ್ನೆಲ್ಲ ನೀವಾಗೇ ಮಾಡೋಕೆ ಹೋಗ್ಬೇಡಿ, ಡಾಕ್ಟರ್ ಲೆಕ್ಕಾನೇ ಬೇಕು.

ಊಟದ್ದು ಹೇಳ್ಬಿಡ್ತೀನಿ. ಬೆಳಿಗ್ಗೆ ತಿಂಡಿ ಮೊದ್ಲು, ಮಾತ್ರೆ ಆಮೇಲೆ, ಉಲ್ಟಾ ಆದ್ರೆ ತಿಂಡಿ ಇಳಿಯಲ್ಲ. ಮಧ್ಯಾಹ್ನ ಬಲವಂತ ಮಾಡಿ ಗೆದ್ದೋರನ್ನ ನಾನು ನೋಡಿಲ್ಲ, ಎರಡೇ ತುತ್ತಲ್ಲಿ ಮುಗಿಯೋದು ಏನಾದ್ರೂ ಕಳ್ಸಿ. ಹಸಿವು ಬರೋದು ರಾತ್ರಿ, ಒಂಬತ್ತಕ್ಕೆ ಇನ್ನೊಂದ್ಸಲ ತಟ್ಟೆ ಹಿಡ್ಕೊಂಡು ಬಂದ್ರೆ ಬೈಬೇಡಿ, ಬಡಿಸಿ. ದಿನಾ ಆಡೋ ಮಗು ಅಲ್ವಾ, ತೂಕ ಎತ್ತರ ಪ್ರತಿ ಸಲ ಡಾಕ್ಟರ್ ಹತ್ರ ಹೋದಾಗ ನೋಡಿಸಿ.

ಕ್ರಿಕೆಟ್ ಅಪ್ಪ

ಮ್ಯಾಚ್ ದಿನ ಬಿಡೋ ಪ್ರಯೋಗ ನಾವು ಮಾಡಿ ಆಗಿದೆ, ಅದೂ ಡಾಕ್ಟರ್ ಕೇಳ್ದೆ, ಪೂರ್ತಿ ನನ್ನದೇ ಬುದ್ಧಿವಂತಿಕೆ. ಮಾತ್ರೆ ಹಾಕಿದ್ರೆ ಮಂಕಾಗ್ತಾನೆ, ಆಟದಲ್ಲಿ ಕಿಡಿ ಇರಲ್ಲ ಅಂತ ನನ್ನ ವಾದ. ಅವತ್ತು ಬೌಂಡರಿ ಲೈನಲ್ಲಿ ನಿಲ್ಸಿದ್ರು. ಐದನೇ ಓವರಷ್ಟೊತ್ತಿಗೆ ಹುಲ್ಲು ಕಿತ್ತು ಕಿತ್ತು ಒಂದು ಪುಟ್ಟ ಗುಡ್ಡೆ ಮಾಡಿ ಅದ್ರ ಮೇಲೆ ಕಡ್ಡಿ ನೆಡ್ತಾ ಇದಾನೆ, ಬಾಲ್ ಸೀದಾ ಅವನ ಕಾಲ ಮಧ್ಯೆ ಹೋಯ್ತು. ಇಡೀ ಟೀಮು ಕಿರುಚ್ತು. ಇವನು ತಿರುಗಿ ಬಾಲ್ ನೋಡಿ, ಎಲ್ರನ್ನೂ ನೋಡಿ, ಕ್ಯಾಪ್ ತೆಗೆದು ಕೈಲಿ ಹಿಡ್ಕೊಂಡು ಸುಮ್ನೆ ನಿಂತ್ಕೊಂಡ. ಮನೆಗೆ ಬರುವಾಗ ಕಾರಲ್ಲಿ ಹಿಂದಿನ ಸೀಟಿಂದ, "ಅಪ್ಪಾ ಮ್ಯಾಚಿಗೂ ಮಾತ್ರೆ ಕೊಡು". ನನ್ನ ಬಾಯಿ ಕಟ್ಟಿಹೋಯ್ತು.

ಆದ್ರೆ ಎಲ್ರಿಗೂ ಹಿಂಗೇ ಅಂತ ಹೇಳಲ್ಲ. ನನ್ನ ಕಲೀಗ್ ಮಗಳು ಬ್ಯಾಸ್ಕೆಟ್‌ಬಾಲ್ ಆಡ್ತಾಳೆ, ಮಾತ್ರೆ ಇದ್ರೆ ತುಂಬಾ ಯೋಚ್ನೆ ಮಾಡ್ತೀನಿ, ಪಾಸ್ ಲೇಟಾಗತ್ತೆ ಅಂತ ಅವಳೇ ಹೇಳಿದ್ಲು, ಅವಳ ಡಾಕ್ಟ್ರು ವಾರದ ಕೊನೆ ಬಿಡೋಕೆ ಒಪ್ಪಿದಾರೆ. ಮಗೂನ ಕೇಳಿ ಸಾರ್/ಮೇಡಂ, ಹತ್ತು ವರ್ಷಕ್ಕೆ ಚೆನ್ನಾಗೇ ಹೇಳ್ತಾರೆ.

ಇನ್ನೊಂದು, ಜಾಗ ಬದಲಾಯಿಸಿ ನೋಡಿ. ಈಗ ನಮ್ಮವನು ಕೀಪರ್, ಪ್ರತಿ ಬಾಲಿಗೂ ಕೆಲಸ. ಗುಡ್ಡೆ ಕಟ್ಟೋಕೆ ಪುರ್ಸೊತ್ತೇ ಇಲ್ಲ.

ಮಕ್ಕಳ ವಾರ್ಡ್ ನರ್ಸ್

ಹಾರ್ಟ್ ಬಗ್ಗೆ ಕೇಳಿದ್ರಲ್ಲ, ನಾನು ಡಾಕ್ಟರ್ ಅಲ್ಲ, ವಾರ್ಡಲ್ಲಿ ದಿನಾ ನೋಡೋದನ್ನ ಹೇಳ್ತೀನಿ. ಮಿಥೈಲ್‌ಫೆನಿಡೇಟ್ ಥರದ ಸ್ಟಿಮ್ಯುಲೆಂಟ್ ಮಾತ್ರೆಗಳು ಸರಾಸರಿ ನಿಮಿಷಕ್ಕೆ 3ರಿಂದ 6 ಬಡಿತ ಜಾಸ್ತಿ ಮಾಡತ್ತೆ, ಬಿಪಿ 2ರಿಂದ 4 ಪಾಯಿಂಟ್. ಆರೋಗ್ಯವಾಗಿರೋ ಹಾರ್ಟಿಗೆ ಇದು ಸಾಮಾನ್ಯವಾಗಿ ತಡ್ಕೊಳ್ಳೋ ಅಷ್ಟೇ, ಆದ್ರೆ ಕೆಲವು ಮಕ್ಕಳಿಗೆ ಸರಾಸರಿಗಿಂತ ಜಾಸ್ತಿ ಏರತ್ತೆ, ಅದಕ್ಕೇ ಪ್ರತಿ ವಿಸಿಟಲ್ಲೂ ಪಲ್ಸ್ ಬಿಪಿ ನೋಡೋದು. ಇಸಿಜಿ ಎಲ್ರಿಗೂ ಬೇಕಾ ಅನ್ನೋ ಚರ್ಚೆ 2008ರಲ್ಲಿ ಜೋರಾಗಿ ನಡೀತು, ಅಮೆರಿಕದ ಹೃದ್ರೋಗ ಸಂಘದೋರು ಮಾಡಿಸೋದು ಸೂಕ್ತ ಅಂದ್ರು, ಅದೇ ವರ್ಷ ಅಲ್ಲಿನ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ ಪ್ರತಿಯೊಬ್ರಿಗೂ ಬೇಕಿಲ್ಲ, ವಿಚಾರಿಸಿ ನೋಡಿ ಅಂತು. ಏನು ವಿಚಾರಿಸೋದು ಅಂದ್ರೆ ಇದೇ: ಓಡುವಾಗ ಯಾವತ್ತಾದ್ರೂ ಎಚ್ಚರ ತಪ್ಪಿದಾನಾ, ಎದೆನೋವು ಅಂದಿದಾನಾ, ಹುಟ್ಟಿನಿಂದ ಹಾರ್ಟ್ ತೊಂದರೆ ಇದೆಯಾ, ಮನೆತನದಲ್ಲಿ ಚಿಕ್ಕ ವಯಸ್ಸಲ್ಲೇ ಯಾರಾದ್ರೂ ಇದ್ದಕ್ಕಿದ್ದಂಗೆ ತೀರಿಕೊಂಡಿದಾರಾ. ಒಂದಕ್ಕೆ ಹೌದು ಅಂದ್ರೂ ಆಟ ನಿಲ್ಸಿ, ಮೂರು ವಾರ ಕಾಯ್ಬೇಡಿ, ಇವತ್ತೇ ಫೋನ್ ಮಾಡಿ.

ನನಗೆ ಜಾಸ್ತಿ ಚಿಂತೆ ಬಿಸಿಲಿಂದು. ಮಾತ್ರೆ ಕೆಲಸ ಮಾಡ್ತಿರೋವಾಗ ಸುಸ್ತು ಮಕ್ಕಳಿಗೇ ಗೊತ್ತಾಗಲ್ಲ, ಮೈ ಬಿಸಿಯಾದ್ರೂ ಆಡ್ತಾನೇ ಇರ್ತವೆ, ನೀರು ಬೇಕಾ ಅಂದ್ರೆ ಬೇಡ ಅಂತವೆ. ಕೇಳ್ಬೇಡಿ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕರೆದು ಕುಡಿಸಿ. ಎನರ್ಜಿ ಡ್ರಿಂಕ್ ಕಡೆ ಹೋಗ್ಲೇಬೇಡಿ. ನೆಗಡಿ ಮಾತ್ರೆ ಕೂಡ ಕೇಳಿ ಕೊಡಿ, ಸ್ಯೂಡೋಎಫೆಡ್ರಿನ್ ಇರೋದಾದ್ರೆ ಅದೂ ಬಡಿತ ಏರಿಸೋದೇ.

ಬೇರೆ ಮಾತ್ರೆಯೋರು ಇದನ್ನ ಓದ್ತಿದ್ರೆ: ಆಟಮೊಕ್ಸೆಟೀನ್ ಹತ್ತೋಕೇ ವಾರಗಟ್ಟಲೆ ಬೇಕು, ಮ್ಯಾಚ್ ದಿನ ಒಂದು ಬಿಟ್ರೆ ಏನೂ ಉಪಯೋಗ ಇಲ್ಲ. ಗ್ವಾನ್‌ಫಸಿನ್, ಕ್ಲೋನಿಡಿನ್ ಬಿಪಿ ಇಳಿಸೋವು, ಥಟ್ ಅಂತ ಎದ್ರೆ ತಲೆ ಸುತ್ತಬಹುದು, ಮತ್ತೆ ಅದನ್ನ ಏಕ್‌ದಂ ನಿಲ್ಸಿದ್ರೆ ಬಿಪಿ ಮೇಲಕ್ಕೆ ಹಾರತ್ತೆ. ಹುಷಾರು.

ತಲೆಗೆ ಪೆಟ್ಟು ಬಿದ್ರೆ "ಅವನು ಯಾವಾಗ್ಲೂ ಮರೀತಾನೆ, ಯಾವಾಗ್ಲೂ ಸಿಡಿಮಿಡಿ" ಅಂತ ತಳ್ಳಿಹಾಕ್ಬೇಡಿ. ಕನ್ಕಶನ್ (ಪೆಟ್ಟಿಂದ ಮಿದುಳಿಗೆ ಆಗೋ ಆಘಾತ) ಲಕ್ಷಣಾನೂ ಥೇಟ್ ಹಂಗೇ ಇರತ್ತೆ.

ಹೆಸರು ಬೇಡ

ಇಷ್ಟೆಲ್ಲ ಯಾಕೆ, ಮಾತ್ರೆ ಬಿಸಾಕಿ ಗ್ರೌಂಡಲ್ಲಿ ಚೆನ್ನಾಗಿ ಓಡೋಕೆ ಬಿಡಿ, ಎಲ್ಲಾ ಸರಿಹೋಗತ್ತೆ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು.

ಈಜು ಕಲಿಯೋಳ ಅಮ್ಮ

ಇತ್ತು ಸಾರ್, ಆಗ ಅವ್ರಿಗೆ ಪೋಲಿ, ದಡ್ಡ ಅಂತ ಹೆಸರಿಟ್ಟಿದ್ರಿ. ಓಡಿದ್ರೆ ಗಮನ ಸ್ವಲ್ಪ ಹೊತ್ತು ಸುಧಾರಿಸೋದು ನಿಜ, ನಮ್ಮವಳು ಈಜಿ ಬಂದ ಮೇಲೆ ಹೋಂವರ್ಕಿಗೆ ಕೂರೋದೇ ಬೇರೆ ಥರ. ಆದ್ರೆ ಅದು ಮಾರನೇ ದಿನ ಗಣಿತದ ಪೀರಿಯಡ್ಡಿಗೆ ಬರಲ್ಲ.

ಕೋಚ್, ಫುಟ್‌ಬಾಲ್ (12ರ ಕೆಳಗಿನೋರು)

ಕೋಚಿಗೆ ಹೇಳಿ. ಎಲ್ಲಾ ಕೋಚೂ ಒಳ್ಳೇವ್ರು ಅಂತಲ್ಲ, "ಮಾತ್ರೆ ಹುಡುಗ" ಅಂತ ಕರ್ದೋನನ್ನೂ ನೋಡಿದೀನಿ, ಅಂಥವನ ಹತ್ರ ಮಗೂನೇ ಕಳಿಸ್ಬೇಡಿ. ಕಾಯಿಲೆ ಹೆಸರು ಹೇಳೋಕೆ ಮನಸ್ಸಿಲ್ದಿದ್ರೆ ನಡವಳಿಕೆ ಹೇಳಿ, ನಂಗೆ ಅಷ್ಟು ಸಾಕು. ಒಬ್ರು ತಾಯಿ ನಂಗೆ ಹೇಳಿದ್ದು ಮೂರೇ ಮಾತು: ಇವನಿಗೆ ಒಂದ್ಸಲಕ್ಕೆ ಒಂದೇ ಕೆಲಸ ಹೇಳಿ, ಲೈನಲ್ಲಿ ನಿಲ್ಸಿದ್ರೆ ಮೊದ್ಲನೇವ್ನಾಗಿ ನಿಲ್ಸಿ, ಐದೂವರೆಯಿಂದ ಆರು ಕಷ್ಟದ ಹೊತ್ತು. ಕೊನೇದು ಕೇಳಿದ್ಮೇಲೆ ನಾನು ಆ ಅರ್ಧ ಗಂಟೆ ಮ್ಯಾಚ್ ಆಡ್ಸೋದು ಬಿಟ್ಟು ಬಾಲ್ ಹಿಡ್ಕೊಂಡು ಒಬ್ಬೊಬ್ರೇ ಡ್ರಿಬಲ್ ಮಾಡೋದು ಇಟ್ಟೆ. ತಳ್ಳಾಟಕ್ಕೆ ಇಬ್ರು ಬೇಕಲ್ಲ! ಅವನಿಗೆ ಸಿಟ್ಟು ಬಂದ್ರೆ ಕೋನ್ ಎತ್ಕೊಂಡು ಬಾ ಅಂತ ಗ್ರೌಂಡ್ ಆ ಕಡೆ ಕಳಿಸ್ತೀನಿ, ಓಡಿ ಬರೋಷ್ಟ್ರಲ್ಲಿ ಇಳಿದಿರತ್ತೆ, ಶಿಕ್ಷೆ ಅಂತ ಬೇರೆಯೋರಿಗೂ ಅನ್ನಿಸಲ್ಲ. ಬೆಂಚಲ್ಲಿ ಕೂರ್ಸೋದು ಮಾತ್ರ ಬೇಡ, ಈ ಮಕ್ಕಳಿಗೆ ಕೂರೋದೇ ಕಷ್ಟ.

ಓಟಗಾರ್ತಿಯ ಅಪ್ಪ

ನಿಮ್ಮ ಭಾವ ಎತ್ತಿದ ಡೋಪಿಂಗ್ ವಿಷಯ. ಪೂರ್ತಿ ತಪ್ಪೂ ಅಲ್ಲ, ನಿಮಗೆ ಈಗ ತಲೆಬಿಸಿನೂ ಅಲ್ಲ. ವಾಡಾ ಅಂದ್ರೆ ಜಾಗತಿಕ ಡೋಪಿಂಗ್ ತಡೆ ಸಂಸ್ಥೆ, ಅದ್ರ ಪಟ್ಟಿಯಲ್ಲಿ ಮಿಥೈಲ್‌ಫೆನಿಡೇಟ್, ಆಂಫೆಟಮಿನ್ ಎರಡೂ ಇವೆ, ಸ್ಪರ್ಧೆಯ ವೇಳೆ ನಿಷೇಧ. ಸ್ಪರ್ಧೆ ವೇಳೆ ಅಂದ್ರೆ ಹಿಂದಿನ ರಾತ್ರಿ 11.59ರಿಂದ ಲೆಕ್ಕ. ಆಟಮೊಕ್ಸೆಟೀನ್ ನಿಷೇಧದಲ್ಲಿಲ್ಲ. ಹತ್ತು ವರ್ಷದ ಸಂಜೆ ಫುಟ್‌ಬಾಲಿಗೆ ಯಾರೂ ಮೂತ್ರ ಪರೀಕ್ಷೆಗೆ ಬರಲ್ಲ ಬಿಡಿ. ಆದ್ರೆ ಮುಂದೆ ದೊಡ್ಡ ಮಟ್ಟಕ್ಕೆ ಹೋದ್ರೆ ಟಿಯುಇ ಅಂತ ಅನುಮತಿ ಪತ್ರ ಬೇಕು, ಚಿಕಿತ್ಸೆಗೆ ಬೇಕಾಗಿ ಈ ಔಷಧಿ ತಗೊಳ್ತಿದಾರೆ ಅಂತ. ನನ್ನ ಮಗಳಿಗೆ ಹದಿನಾರಕ್ಕೆ ಅರ್ಜಿ ಹಾಕುವಾಗ ರೋಗ ಪತ್ತೆ ಮಾಡಿದ ಮೊದಲ ರಿಪೋರ್ಟ್ ಕೇಳಿದ್ರು, ಮನೆ ಬದಲಾಯಿಸುವಾಗ ನಾವು ಅದನ್ನ ರದ್ದಿ ಜೊತೆ ಹಾಕಿಬಿಟ್ಟಿದ್ವಿ. ಹಳೇ ಡಾಕ್ಟರ್ ಹುಡುಕಿ ನಕಲು ತರೋಷ್ಟ್ರಲ್ಲಿ ಒಂದು ಮೀಟ್ ತಪ್ಪಿಹೋಯ್ತು. ಇವತ್ತೇ ಒಂದು ಫೈಲ್ ಮಾಡಿ, ಚೀಟಿ ರಿಪೋರ್ಟು ಎಲ್ಲ ಅದ್ರಲ್ಲಿ ಹಾಕಿ.

ಭಾವನಿಗೆ ಇದನ್ನೂ ಹೇಳಿ. 2016ರಲ್ಲಿ ಹ್ಯಾಕರ್‌ಗಳು ವಾಡಾ ದಾಖಲೆ ಕದ್ದು ಹೊರಗೆ ಹಾಕಿದಾಗ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತನಗೆ ಎಡಿಎಚ್‌ಡಿ ಇದೆ, ಚಿಕ್ಕಂದಿನಿಂದ ಔಷಧಿ ತಗೊಳ್ತೀನಿ, ಇದ್ರಲ್ಲಿ ನಾಚಿಕೆ ಪಡೋದೇನಿಲ್ಲ ಅಂತ ಎಲ್ರೆದುರು ಹೇಳಿದ್ಲು. ಅನುಮತಿ ಇತ್ತು, ಮುಗೀತು. ಈಜುಗಾರ ಮೈಕೆಲ್ ಫೆಲ್ಪ್ಸ್‌ಗೆ ಒಂಬತ್ತನೇ ವರ್ಷಕ್ಕೆ ಪತ್ತೆ ಆಗಿದ್ದು, ಮಾತ್ರೆ ತಗೊಂಡು ಆಮೇಲೆ ಬಿಟ್ಟ, 28 ಒಲಿಂಪಿಕ್ ಪದಕ. ಒಬ್ಳು ತಗೊಳ್ತಾ ಗೆದ್ಲು, ಒಬ್ಬ ಬಿಟ್ಟು ಗೆದ್ದ, ಅದಕ್ಕೇ ಅವ್ರನ್ನ ನೋಡಿ ನಿಮ್ಮ ಮಗನ ಡೋಸ್ ತೀರ್ಮಾನ ಮಾಡ್ಬೇಡಿ ಅಂತಾನೂ ಹೇಳ್ತೀನಿ.

ಆ ಹುಡುಗ ನಾನೇ (ಈಗ 24)

ನಾನು ಕರಾಟೆ ಮಾಡ್ತಿದ್ದೆ, ಒಂಬತ್ತರಿಂದ ಮಾತ್ರೆ. ಒಂದೇ ವಿಷಯ ಹೇಳ್ತೀನಿ ಆಂಟಿ. ನಾನು ಗೆದ್ದಾಗ ಮನೇಲಿ "ಮಾತ್ರೆ ಚೆನ್ನಾಗಿ ಕೆಲಸ ಮಾಡ್ತು", ಸೋತು ಅತ್ತಾಗ "ಇವತ್ತು ಮಾತ್ರೆ ತಗೊಂಡ್ಯಾ?" ಆ ಪ್ರಶ್ನೆ ಎಲ್ರ ಮುಂದೆ ಕೇಳ್ಬೇಡಿ. ಸೋತ್ರೆ ಮಾತ್ರೆ ಇಲ್ದಿರೋ ಮಕ್ಕಳೂ ಅಳ್ತಾರೆ ಅಲ್ವಾ. ಉಳಿದಿದ್ದೆಲ್ಲ ಮೇಲೆ ಹೇಳಿದಾರೆ.

ಮೊದಲು ಕೇಳಿದವರು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ಆ ಹಾರ್ಟ್ ಪ್ರಶ್ನೆಗಳಿಗೆಲ್ಲ ನಮ್ಮಲ್ಲಿ ಇಲ್ಲ ಅಂತಾನೇ ಉತ್ತರ, ಅತ್ತೆ ಹತ್ರಾನೂ ಕೇಳಿ ಖಾತ್ರಿ ಮಾಡ್ಕೊಂಡೆ. ನೋಟ್‌ಬುಕ್ ಶುರು ಮಾಡಿದೀನಿ. ನಾಲ್ಕು ದಿನದಿಂದ ನಾಲ್ಕೂಕಾಲಿಗೆ ತಿನ್ನಿಸಿ ಕಳಿಸ್ತಿದೀನಿ, ಎರಡು ದಿನ ಏನೂ ಗಲಾಟೆ ಇಲ್ಲ, ಒಂದು ದಿನ ಸ್ವಲ್ಪ, ಇವತ್ತು ಮಳೆ ಅಂತ ಪ್ರಾಕ್ಟೀಸೇ ಇರ್ಲಿಲ್ಲ. ಕೋಚಿಗೆ ಆ ಮೂರು ಮಾತು ಹೇಳ್ದೆ, ಅವ್ರು "ಐದೂವರೆಯಿಂದ ಆರಾ?" ಅಂತ ಕೇಳಿ ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡ್ರು. ಮಾತ್ರೆ ಬಿಡ್ಲಾ ಅಂತ ಮಗನ್ನೇ ಕೇಳ್ದೆ. "ಬಿಟ್ರೆ ಗೋಲ್ ಹೊಡೀತೀನಾ?" ಅಂದ. ಗೊತ್ತಿಲ್ಲ ಕಣೋ ಅಂದೆ. "ಹಂಗಾದ್ರೆ ಡಾಕ್ಟರ್ ಅಂಕಲ್‌ನ ಕೇಳಿ ಹೇಳು" ಅಂತ ಬೂಟಿನ ಲೇಸ್ ಕಟ್ಟೋಕೆ ಕೂತ. ಮೂರು ವಾರ ಆದ್ಮೇಲೆ ಬಂದು ಬರೀತೀನಿ.