ಜೆನಿಸ್ಟೀನ್ ಹಾಕಿದಾಗ ಯಕೃತ್ತಿನ ಕೋಶಗಳಲ್ಲಿ ಗ್ಲೂಕೋಸ್ ಹೀರಿಕೆ ತಗ್ಗುವುದೇಕೆ?

ಪ್ರಶ್ನೆ: ಸೋಯಾದಲ್ಲಿರುವ ಜೆನಿಸ್ಟೀನ್ ಮಧುಮೇಹಕ್ಕೆ ಹಿತಕರವೆಂದು ಓದಿ, ಪ್ರಯೋಗಾಲಯದಲ್ಲಿ ಬೆಳೆಸುವ ಹೆಪ್‌ಜಿ2 ಎಂಬ ಯಕೃತ್ತಿನ ಕೋಶಗಳಿಗೆ ಅದನ್ನು 50 ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಹಾಕಿದೆವು. ಪ್ರತಿದೀಪ್ತ ಗ್ಲೂಕೋಸ್ ಸದೃಶವಾದ 2-ಎನ್‌ಬಿಡಿಜಿಯಿಂದ ಅಳೆದಾಗ ಹೀರಿಕೆ ಹೆಚ್ಚುವ ಬದಲು ತಗ್ಗಿತು. ಕಾರಣವೇನಿರಬಹುದು?

ಉತ್ತರ 1: ಆ ಸಾಂದ್ರತೆಯಲ್ಲಿ ಜೆನಿಸ್ಟೀನ್ ಬರಿಯ ಈಸ್ಟ್ರೋಜನ್ ಸದೃಶವಾಗಿ ಉಳಿಯುವುದಿಲ್ಲ, ಅದು ಕೋಶದೊಳಗೆ ಸಂಕೇತ ರವಾನಿಸುವ ಟೈರೋಸಿನ್ ಕೈನೇಸ್ ಕಿಣ್ವಗಳನ್ನು ತಡೆಯುವುದಲ್ಲದೆ, ಗ್ಲೂಕೋಸನ್ನು ಕೋಶದೊಳಕ್ಕೆ ಒಯ್ಯುವ ಗ್ಲುಟ್1 ಸಾಗಣೆ ಪ್ರೋಟೀನನ್ನೂ ನೇರವಾಗಿ ಅಡ್ಡಗಟ್ಟುತ್ತದೆ. ಗಡ್ಡೆಯಿಂದ ಬಂದ ಹೆಪ್‌ಜಿ2 ಕೋಶಗಳಲ್ಲಿ ಗ್ಲುಟ್1 ಧಾರಾಳವಾಗಿರುವುದರಿಂದ ನಿಮ್ಮ ಫಲಿತಾಂಶ ನನಗೆ ಅಚ್ಚರಿಯೆನಿಸಲಿಲ್ಲ. ಸೋಯಾ ತಿಂದವರ ರಕ್ತದಲ್ಲಿ ಜೆನಿಸ್ಟೀನ್ ಸಾಮಾನ್ಯವಾಗಿ ಕೆಲವೇ ಮೈಕ್ರೋಮೋಲಾರ್‌ನೊಳಗಿದ್ದು, ಅದರಲ್ಲೂ ಬಹುಪಾಲು ದೇಹವು ಮಾರ್ಪಡಿಸಿದ ಗ್ಲುಕುರೊನೈಡ್ ರೂಪದಲ್ಲಿರುತ್ತದೆ. 1ರಿಂದ 5 ಮೈಕ್ರೋಮೋಲಾರ್‌ನಲ್ಲಿ ಪುನಃ ಪರೀಕ್ಷಿಸಿ.

ಉತ್ತರ 2: ಸೋಯಾದಲ್ಲೇ ಇರುವ, ಆದರೆ ಕೈನೇಸ್ ತಡೆಯದ ಡೈಡ್ಜೀನನ್ನು ಹೋಲಿಕೆಗೆ ಇಡಿ. ಈಸ್ಟ್ರೋಜನ್ ಗ್ರಾಹಕದ ಪಾತ್ರವನ್ನು ತಿಳಿಯಲು ಆ ಗ್ರಾಹಕವನ್ನು ತಡೆಯುವ ಔಷಧವಾದ ಫುಲ್ವೆಸ್ಟ್ರಂಟ್ ಬೇಕೇ ಬೇಕು.

ಉತ್ತರ 3: ಹೀರಿಕೆಯೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಆರೋಗ್ಯಕರ ಯಕೃತ್ತಿನಲ್ಲಿ ಗ್ಲುಟ್2 ಎಂಬ ಸಾಗಣೆ ಪ್ರೋಟೀನು ಇನ್ಸುಲಿನ್‌ಗಾಗಿ ಕಾಯದೆ ಎರಡೂ ದಿಕ್ಕಿಗೆ ಗ್ಲೂಕೋಸ್ ಸಾಗಿಸುತ್ತದೆ. ಆದ್ದರಿಂದ ಗ್ಲೂಕೋಸ್ ಕೂಡಿಟ್ಟ ರೂಪವಾದ ಗ್ಲೈಕೋಜನ್ ಸಂಗ್ರಹವನ್ನೂ, ಹೊಸ ಗ್ಲೂಕೋಸ್ ತಯಾರಿಸುವ ಪೆಪ್‌ಸಿಕೆ ಕಿಣ್ವವನ್ನೂ ಜೊತೆಗೇ ಅಳೆಯಿರಿ.